ಹೊಳೆ ಬಂದಾಗ ಗಾಡಿ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಬಸ್ಸಿನ ಮಾತು ಆಡುವದು ರೂಢಿಯಲ್ಲಿಲ್ಲ. ಈ ದಿವಸ ಪಂಪ ರನ್ನರನ್ನು ನೆನೆಯಬೇಕು, ಪುಲಕೇಶಿಯನ್ನು ನೆನೆಯಬೇಕು, ಏಕೀಕರಣಕ್ಕಾಗಿ ದುಡಿದ ಮಹನೀಯರನ್ನು ನೆನೆಯಬೇಕು. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾಡಿದ್ದಾರೆ. ನಾವು ಪಂಡಿತರಲ್ಲ; ಬೆಳಗಾವಿ ಸೀಮೆಯ ರಸ್ತೆಗಳ ಮೇಲೆ ಸರ್ವಿಸು ಗಾಡಿಯಲ್ಲಿ ಆಯುಷ್ಯ ಕಳೆದವರು. "ನಿಮಗೆ ತಿಳಿದದ್ದನ್ನೇ ಹೇಳಿರಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು. ನಮಗೆ ತಿಳಿದದ್ದು ಒಂದೇ. ಹೊಳೆಯ ನೀರು ರಸ್ತೆಯ ಮೇಲೆ ಬಂದಾಗ ಗಾಡಿಯನ್ನು ಹೇಗೆ ನಡೆಸಬೇಕು, ಯಾವಾಗ ನಡೆಸಬಾರದು ಎಂಬದು. ಅದನ್ನೇ ಹೇಳುತ್ತೇವೆ.

"ನಾವು" ಎಂಬ ಮಾತು ಇಲ್ಲಿ ಮೇಲಿಂದ ಮೇಲೆ ಬರುವದು. ಅದು ದೊಡ್ಡಸ್ತಿಕೆಯ ಬಹುವಚನವಲ್ಲ. ಗಾಡಿಯಲ್ಲಿ ಡ್ರೈವರನ ಬೆನ್ನಿಗೆ ಕಂಡಕ್ಟರನಿರುತ್ತಾನೆ; ಚಕ್ರ ಒಬ್ಬನ ಕೈಯಲ್ಲಿ, ಸೀಟಿ ಇನ್ನೊಬ್ಬನ ಬಾಯಲ್ಲಿ. ನಾವು ಎಂದರೆ ಆ ಇಬ್ಬರು ಎಂದು ತಿಳಿಯಬೇಕಾಗಿ ವಿನಂತಿ. ಈಚೆಗೆ ಒಬ್ಬನಿಗೇ ಎರಡೂ ಕೆಲಸ ವಹಿಸುವ ಪದ್ಧತಿಯೂ ಬಂದಿದೆ. ಹಳ್ಳದ ದಂಡೆಯ ಮೇಲೆ ಒಬ್ಬನೇ ನಿಂತು ನಿರ್ಧಾರ ಮಾಡಬೇಕಾದವನ ಪಾಡು ಏನಿದ್ದೀತೋ!

ಬಸ್ಸಿಗೂ ರಾಜ್ಯೋತ್ಸವಕ್ಕೂ ಸಂಬಂಧವೇ ಇಲ್ಲವೆಂದೇನೂ ಅಲ್ಲ. ಮುಂಬಯಿ ಸರಕಾರದ ಎಸ್.ಟಿ.ಯ ಮೊದಲ ಗಾಡಿ 1948ರ ಜೂನ 1ರಂದು ಇದೇ ಪುಣೆಯಿಂದ ಅಹಮದನಗರಕ್ಕೆ ಹೊರಟಿತು. ಅದೇ ವರ್ಷ ಮೈಸೂರು ಸರಕಾರವೂ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಸೀಮೆಗಳು 1956ರ ನವಂಬರ 1ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನದಿಂದ ಮೈಸೂರು ರಾಜ್ಯಕ್ಕೆ ಬಂದವು. 1961ರಲ್ಲಿ ಇಲಾಖೆ ಹೋಗಿ ಸಂಸ್ಥೆಯಾಯಿತು. 1997ರ ನವಂಬರ 1ರಂದು, ಅಂದರೆ ರಾಜ್ಯೋತ್ಸವದ ದಿವಸವೇ, ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ ಬೇರೆಯಾಯಿತು. ಗಾಡಿಯ ಮೇಲಿನ ಹೆಸರು ಇಷ್ಟು ಸಲ ಬದಲಾಯಿತು. ಹೊಳೆಗಳು ಮಾತ್ರ ಮೊದಲು ಎಲ್ಲಿ ಹರಿಯುತ್ತಿದ್ದವೋ ಅಲ್ಲಿಯೇ ಹರಿಯುತ್ತಿವೆ.

ಆ ಹೊಳೆಗಳ ಸಂಗತಿ ಪುಣೆಯವರಾದ ನಿಮಗೆ ತಿಳಿದಿರುವದು ಅಗತ್ಯ. ಕೃಷ್ಣೆ ಹುಟ್ಟುವದು ಮಹಾಬಳೇಶ್ವರದಲ್ಲಿ. ಕೊಯ್ನೆ ಅವಳನ್ನು ಕರಾಡದಲ್ಲಿ ಕೂಡುತ್ತಾಳೆ. ಕೊಲ್ಲಾಪುರದ ಕಡೆಯ ನೀರನ್ನು ಹೊತ್ತ ಪಂಚಗಂಗೆ ನರಸೋಬಾವಾಡಿಯಲ್ಲಿ ಕೂಡುತ್ತಾಳೆ. ವೇದಗಂಗೆ ದೂಧಗಂಗೆಗಳು ಘಟ್ಟದಿಂದಿಳಿದು ನಿಪ್ಪಾಣಿ ಚಿಕ್ಕೋಡಿ ಸೀಮೆಯನ್ನು ಹಾಯ್ದು ಬರುತ್ತವೆ. ಅಂದ ಬಳಿಕ ಘಟ್ಟದ ಮೇಲೆ ಸುರಿದ ಮಳೆ ನಮ್ಮ ಸೀಮೆಗೆ ಬರುವದು ಮೋಡವಾಗಿ ಅಲ್ಲ, ಹೊಳೆಯಾಗಿ. ನೀವು ಇಲ್ಲಿ ಮುಂಜಾನೆಯ ಪತ್ರಿಕೆಯಲ್ಲಿ "ಮಹಾಬಳೇಶ್ವರದಲ್ಲಿ ಭಾರಿ ಮಳೆ, ಕೊಯ್ನಾ ಆಣೆಕಟ್ಟಿನ ಬಾಗಿಲು ತೆರೆದರು" ಎಂದು ಓದಿ ಚಹಾ ಕುಡಿಯುತ್ತೀರಿ. ಆ ನೀರು ನಮ್ಮ ದಂಡೆಗೆ ಮುಟ್ಟುವಾಗ ನಡುವೆ ಹಗಲು ರಾತ್ರಿಗಳು ಕಳೆದಿರುತ್ತವೆ. ಅಷ್ಟರಲ್ಲಿ ಚಿಕ್ಕೋಡಿಯಲ್ಲಿ ಮಳೆ ನಿಂತಿರುತ್ತದೆ. ಬಿಸಿಲು ಬಿದ್ದಿರುತ್ತದೆ. ಅಂಗಳದಲ್ಲಿ ಹಪ್ಪಳ ಒಣಹಾಕುವಂಥ ಬಿಸಿಲು! ಹೊಳೆ ಮಾತ್ರ ಸದ್ದಿಲ್ಲದೆ ಏರುತ್ತಿರುತ್ತದೆ.

ಗಾಡಿ ನಡೆಸುವವನಿಗೆ ಇದರಷ್ಟು ತೊಂದರೆಯ ಸಂಗತಿ ಮತ್ತೊಂದಿಲ್ಲ. ಧೋಧೋ ಎಂದು ಮಳೆ ಸುರಿಯುತ್ತಿದ್ದರೆ "ಇಂದು ಗಾಡಿ ಹೋಗುವದಿಲ್ಲ" ಎಂದಾಗ ಜನ ಒಪ್ಪಿಕೊಳ್ಳುತ್ತಾರೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ "ಇವನಿಗೆ ಮೈಗಳ್ಳತನ" ಎನ್ನುತ್ತಾರೆ.

ಇನ್ನು ಆ ಸೀಮೆಯ ಸೇತುವೆಗಳು. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಅವುಗಳ ಹೆಸರು ಬಂದೇ ಬರುತ್ತವೆ: ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ. "ಸೇತುವೆ ಮುಳುಗಿತು" ಎಂದು ಓದಿದಾಗ ಊರು ಬಿಟ್ಟು ದೂರವಿದ್ದವರ ಎದೆ ಝಲ್ಲೆನ್ನುವದು ಸಹಜ. ಆದರೆ ಇವುಗಳಲ್ಲಿ ಹಲವು ಮೂಲತಃ ಸೇತುವೆಗಳೇ ಅಲ್ಲ, ಬಾಂದಾರಗಳು. ಮಳೆಗಾಲ ಕಳೆದ ಮೇಲೆ ಕಂಬ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸಬೇಕು, ಆ ನೀರು ಕಬ್ಬಿಗೆ ಹೋಗಬೇಕು, ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದು ಹೊಳೆಯನ್ನು ಬಿಟ್ಟುಕೊಡಬೇಕು. ಇದು ಅದರ ಉದ್ದೇಶ. ಕೊಲ್ಲಾಪುರ ಮಾದರಿಯ ಬಾಂದಾರವೆಂದೇ ಅದಕ್ಕೆ ಹೆಸರು. ಮಹಾಪೂರ ಬಂದಾಗ ನೀರು ತನ್ನ ತಲೆಯ ಮೇಲೆಯೇ ಹರಿದುಹೋಗಲಿ ಎಂದು ಅದನ್ನು ತಗ್ಗಾಗಿ ಕಟ್ಟಿದ್ದಾರೆ. ಅದರ ಬೆನ್ನ ಮೇಲೆ ರಸ್ತೆಯನ್ನೂ ಹಾಕಿದ್ದು ಉಪಕಾರಕ್ಕಾಗಿ. ಎಂಟು ತಿಂಗಳು ಅದು ರಸ್ತೆ, ನಾಲ್ಕು ತಿಂಗಳು ಹೊಳೆಯ ತಳ. ಇಷ್ಟನ್ನು ತಿಳಿದುಕೊಂಡರೆ ಅದು ಮುಳುಗಿದ್ದು ಆಶ್ಚರ್ಯವಲ್ಲ. ಮುಳುಗಿದಾಗಲೂ ಅದರ ಮೇಲೆ ಗಾಡಿ ಬಿಡೆಂದು ಹಟ ಹಿಡಿಯುವದು ಆಶ್ಚರ್ಯ.

ಹೊಳೆಯ ನೀರಿನ ಗುಣ ಒಂದು, ಹಳ್ಳದ ನೀರಿನ ಗುಣ ಇನ್ನೊಂದು. ಹೊಳೆ ಹೇಳಿ ಬರುತ್ತದೆ. ನಿನ್ನೆ ಇಷ್ಟಿತ್ತು, ಇಂದು ಇಷ್ಟಾಯಿತು, ನಾಳೆ ರಸ್ತೆಗೆ ಬರುತ್ತದೆ ಎಂದು ದಂಡೆಯ ಊರಿನ ಹುಡುಗರೂ ಹೇಳುತ್ತಾರೆ. ಹಳ್ಳ ಹಾಗಲ್ಲ. ಧಾರವಾಡ ಗದಗ ಸೀಮೆಯ ಬೆಣ್ಣೆಹಳ್ಳವನ್ನು ಕಂಡವರು ಇಲ್ಲಿ ಹಲವರಿರಬೇಕು. ಬೇಸಿಗೆಯಲ್ಲಿ ನೋಡಿದರೆ "ಇದಕ್ಕೆ ಸೇತುವೆ ಏತಕ್ಕೆ?" ಎನ್ನುವಂತಿರುತ್ತದೆ. ಮೇಲೆ ಎಲ್ಲಿಯೋ ಎರಡು ತಾಸು ಮಳೆ ಬಿದ್ದರೆ ಸಾಕು, ಹೋಗುವಾಗ ಮೊಣಕಾಲು ಇದ್ದ ನೀರು ಬರುವಾಗ ಆಳೆತ್ತರ ಆಗಿರುತ್ತದೆ. ತಾಳಿಕೋಟೆಯ ಡೋಣಿಯೂ ಇದೇ ಜಾತಿಯದು. 2009ರ ಸಪ್ಟಂಬರದ ಕೊನೆ, ಅಕ್ಟೋಬರದ ಮೊದಲಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ರಾಯಚೂರು ಸೀಮೆಗಳಲ್ಲಿ ಆದ ಅನಾಹುತ ಘಟ್ಟದ ನೀರಿನದಲ್ಲ, ಬರಗಾಲದ ನಾಡೆಂದು ಹೆಸರಾದ ಆ ಬಯಲಿನ ಮೇಲೆಯೇ ಸುರಿದ ಮಳೆಯದು. ನೀರನ್ನು ಕಂಡ ರೂಢಿಯಿಲ್ಲದ ಊರುಗಳಿಗೆ ನೀರು ಬಂತು. ಹಳ್ಳಕ್ಕೆ ಅಂಜುವಷ್ಟು ನಾವು ಹೊಳೆಗೆ ಅಂಜುವದಿಲ್ಲ.

ಈಗ ಗಾಡಿಯ ಮಾತು. ಸ್ವಲ್ಪ ಲೆಕ್ಕ ಬರುತ್ತದೆ, ತಾಯಂದಿರು ಬೇಸರಿಸಬಾರದು. (ಮನೆಯ ಲೆಕ್ಕ ಇಡುವವರು ಅವರೇ ಆದ್ದರಿಂದ ಬೇಸರಿಸಲಾರರೆಂದು ನಮಗೆ ಧೈರ್ಯ.)

ಬಸ್ಸು ಹತ್ತು ಟನ್ನಿನ ಹತ್ತಿರದ ಭಾರದ ವಸ್ತು, ಜನ ತುಂಬಿದರೆ ಇನ್ನೂ ಹೆಚ್ಚು. ಅದನ್ನು ನೀರೇನು ಮಾಡೀತು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಅದು ಹನ್ನೊಂದು ಮೀಟರು ಉದ್ದ, ಎರಡೂವರೆ ಮೀಟರು ಅಗಲದ ಪೆಟ್ಟಿಗೆ. ನೀರು ಪೆಟ್ಟಿಗೆಯ ತಳವನ್ನು ಮುಟ್ಟಿದ ಮೇಲೆ ಇನ್ನು ಹತ್ತೇ ಸೆಂಟಿಮೀಟರು, ಅಂದರೆ ಒಂದು ಗೇಣಿನ ಅರ್ಧ, ಏರಿತೆನ್ನಿರಿ. ಎರಡೂ ಮುಕ್ಕಾಲು ಘನ ಮೀಟರು ನೀರನ್ನು ಗಾಡಿ ಪಕ್ಕಕ್ಕೆ ಸರಿಸಿದಂತಾಯಿತು. ಒಂದು ಘನ ಮೀಟರು ನೀರು ಒಂದು ಟನ್ನು ತೂಗುತ್ತದೆ. ಆದ್ದರಿಂದ ಗಾಡಿಯ ಭಾರದಲ್ಲಿ ಎರಡೂ ಮುಕ್ಕಾಲು ಟನ್ನನ್ನು ನೀರು ಎತ್ತಿಕೊಂಡಿತು. ಒಳಗೆ ನೀರು ಹೊಕ್ಕು ತುಂಬುವವರೆಗೆ ಈ ಲೆಕ್ಕ ನಡೆಯುತ್ತದೆ. ಮೂರು ನಾಲ್ಕು ಸಲ ಹೀಗೆ ಏರಿದರೆ ಖಾಲಿ ಗಾಡಿಯ ಟಾಯರುಗಳು ನೆಲವನ್ನು ಹಿಡಿದಿರುವದು ಹೆಸರಿಗೆ ಮಾತ್ರ. ಆಗ ಚಕ್ರ ತಿರುಗಿಸಿದರೂ ಅಷ್ಟೇ, ಬ್ರೇಕು ಒತ್ತಿದರೂ ಅಷ್ಟೇ.

ನಿಂತ ನೀರಿಗೆ ಇಷ್ಟಾಯಿತು. ಹರಿಯುವ ನೀರು ಅಡ್ಡಲಿಂದ ನೂಕುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ನೂಕುವ ಬಲ ಇಮ್ಮಡಿಯಾಗುವದಿಲ್ಲ, ನಾಲ್ಮಡಿಯಾಗುತ್ತದೆ. ಕಾರಿಗೆ ಹರಿಯುವ ನೀರು ಒಂದು ಮೊಳ ಬಂದರೆ ಸಾಕು. ಬಸ್ಸಿಗೆ ಇನ್ನಷ್ಟು ಬೇಕು, ಆದರೆ ಬಹಳ ಬೇಕಿಲ್ಲ. ಇಲ್ಲಿ ಕಣ್ಣಿನ ಮೋಸವೂ ಒಂದುಂಟು. ಹರಿಯುವ ನೀರನ್ನೇ ನೋಡುತ್ತ ಗಾಡಿ ನಡೆಸಿದರೆ ನೀರು ನಿಂತಂತೆಯೂ ಗಾಡಿಯೇ ಹರಿವಿಗೆ ಎದುರಾಗಿ ಸರಿಯುತ್ತಿರುವಂತೆಯೂ ತೋರುತ್ತದೆ. ಅದನ್ನು ಸರಿಪಡಿಸಲು ಕೈ ತಾನಾಗಿಯೇ ಚಕ್ರವನ್ನು ಹರಿವಿನ ಕಡೆಗೆ ತಿರುಗಿಸುತ್ತದೆ. ಅದೇ ಕಡೆಗೆ ರಸ್ತೆಯ ಅಂಚು ಇರುತ್ತದೆ. ಎರೆನೆಲದ ರಸ್ತೆಯ ಬದಿ ನೀರು ಕುಡಿದರೆ ಬೆಣ್ಣೆ. ಹಿಂದಿನ ಒಂದು ಚಕ್ರ ಅದರಲ್ಲಿ ಇಳಿದರೆ ಗಾಡಿ ವಾಲಿತೆಂದೇ ತಿಳಿಯಬೇಕು.

ಇಷ್ಟಕ್ಕೂ ನೀರಿನ ಕೆಳಗೆ ರಸ್ತೆ ಇದೆಯೆಂದು ಯಾರು ಹೇಳಿದರು? ನಿನ್ನೆ ಇತ್ತು, ಅಷ್ಟೇ. ಸೇತುವೆಯ ಮೇಲೆ ಹಾಯುವ ನೀರು ಆಚೆ ಬದಿಗೆ ಬೀಳುವಾಗ ಅಲ್ಲಿಯ ಮಣ್ಣನ್ನು ತೋಡುತ್ತ ತೋಡುತ್ತ ರಸ್ತೆಯ ಹೊಟ್ಟೆಯೊಳಗೆ ಬರುತ್ತದೆ. ಮೇಲೆ ಡಾಂಬರಿನ ಪದರು ಮಾತ್ರ ಹಪ್ಪಳದಂತೆ ಉಳಿದಿರುತ್ತದೆ. ನೀರು ಇಳಿದ ಮೇಲೆ ಇಂಥ ಜಾಗಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಮಹಾಡದ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ 2016ರ ಆಗಸ್ಟ 2ರ ರಾತ್ರಿ ಪೂರಕ್ಕೆ ಕುಸಿಯಿತು. ಎರಡು ಎಸ್.ಟಿ. ಗಾಡಿಗಳು ಆ ಕತ್ತಲೆಯಲ್ಲಿ ಹೊಳೆಗೆ ಬಿದ್ದವು. ರಸ್ತೆ ಇದೆ ಎಂಬ ನಂಬಿಕೆಯಿಂದಲೇ ಡ್ರೈವರನಾದವನು ಹೆಜ್ಜೆ ಹೆಜ್ಜೆಗೂ ಮುಂದೆ ಹೋಗುತ್ತಾನೆ, ಅವರ ತಪ್ಪೇನಿತ್ತು?

ಕಂಡೂ ಕಂಡೂ ನೀರಿಗೆ ಇಳಿಸಿದ ಗಾಡಿಗಳ ಸಂಗತಿ ಬೇರೆ. 2021ರ ಸಪ್ಟಂಬರ 28ರಂದು ನಾಂದೇಡದಿಂದ ನಾಗಪುರಕ್ಕೆ ಹೊರಟ ಎಸ್.ಟಿ. ಗಾಡಿ ಯವತಮಾಳ ಜಿಲ್ಲೆಯ ಉಮರಖೇಡದ ಹತ್ತಿರ, ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗ ದಾಟಲು ಹೋಗಿ ಹಳ್ಳಕ್ಕೆ ಕೊಚ್ಚಿಹೋಯಿತು, ಜೀವಹಾನಿಯಾಯಿತು. ಮುಂದಿನ ತಿಂಗಳಲ್ಲಿಯೇ ಕೇರಳದ ಕೊಟ್ಟಾಯಂ ಜಿಲ್ಲೆಯ ಪೂಂಜಾರಿನಲ್ಲಿ ಸರಕಾರಿ ಗಾಡಿಯೊಂದು ರಸ್ತೆಯ ಮೇಲಿನ ನೀರಿನಲ್ಲಿ ಸಿಕ್ಕಿಕೊಂಡಿತು. ಊರ ಜನ ನೀರಿಗಿಳಿದು ಪ್ರಯಾಣಿಕರನ್ನು ಹೊರಗೆ ತಂದರು. ಡ್ರೈವರನನ್ನು ಕೆಲಸದಿಂದ ಅಮಾನತ್ತಿನಲ್ಲಿಟ್ಟರು. ಆ ಚಿತ್ರವನ್ನು ದೇಶವೆಲ್ಲ ನೋಡಿ ನಕ್ಕಿತು. ನಮಗೆ ನಗು ಬರಲಿಲ್ಲ. ಆ ಗಾಡಿಯೊಳಗೆ ಕುಳಿತ ಯಾರೂ "ನಡೀರಿ, ಏನಾಗುವದಿಲ್ಲ" ಎಂದಿರಲಿಕ್ಕಿಲ್ಲವೇ ಎಂದು ಮನಸ್ಸಿಗೆ ಬಂತು. ಆ ಮಾತು ಯಾವ ವರದಿಯಲ್ಲಿಯೂ ಬರೆಯಲ್ಪಡುವದಿಲ್ಲ.

ಆ ಮಾತಿನ ವಿಷಯವನ್ನೇ ಹೇಳಬೇಕೆಂದು ನಾವು ಇಲ್ಲಿ ಬಂದದ್ದು.

ನಮ್ಮ ಸೀಮೆಯಲ್ಲಿ ಹೊಳೆ ಏರುವದು ಶ್ರಾವಣದ ಸುತ್ತಮುತ್ತ. ಅದೇ ಹೊತ್ತಿಗೆ ನಾಗರಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೊರಡುವ ಕಾಲ. ಯಡೂರ ವೀರಭದ್ರನ ದರ್ಶನಕ್ಕೆ ಹೋಗುವವರ ಕಾಲ. ಪುಣೆ, ಮುಂಬಯಿ, ಇಚಲಕರಂಜಿಗಳಲ್ಲಿ ದುಡಿಯುವವರು ಎರಡು ದಿನದ ರಜೆ ಬೇಡಿ ಪಡೆದು ಊರಿಗೆ ಬರುವ ಕಾಲ. ವರ್ಷದಲ್ಲಿ ಗಾಡಿ ಹೆಚ್ಚು ತುಂಬುವದೂ ಆಗಲೇ, ಗಾಡಿ ನಿಲ್ಲಬೇಕಾಗುವದೂ ಆಗಲೇ. ದೇವರು ಈ ಎರಡನ್ನೂ ಒಂದೇ ತಿಂಗಳಲ್ಲಿ ಏತಕ್ಕಿಟ್ಟನೋ ತಿಳಿಯದು.

ಅಂಥ ಒಂದು ಪಂಚಮಿಯ ಹಿಂದಿನ ಸಂಜೆ, ದೂಧಗಂಗೆಯ ಒಂದು ಬಾಂದಾರದ ಮುಂದೆ ವಸ್ತಿ ಗಾಡಿಯನ್ನು ನಿಲ್ಲಿಸಬೇಕಾಯಿತು. ಬಾಂದಾರದ ಮೇಲೆ ಮೊಣಕಾಲಿಗಿಂತ ಕಡಿಮೆ ನೀರು. ಬದಿಯ ಕಲ್ಲುಗಳ ತಲೆ ಇನ್ನೂ ಕಾಣುತ್ತಿದ್ದವು, ಆದರೆ ಒಂದೊಂದಾಗಿ ಒದ್ದೆಯಾಗುತ್ತಿದ್ದವು. ಆಚೆಯ ದಂಡೆಯಲ್ಲಿ ಊರು, ಊರಲ್ಲಿ ಹೊತ್ತಿದ ದೀಪ. ನಾವು ನಿಲ್ಲಿಸಿದ ಕ್ಷಣದಲ್ಲಿಯೇ ಕಬ್ಬಿನ ಟ್ರಾಕ್ಟರೊಂದು ನಮ್ಮನ್ನು ದಾಟಿ ಬುಳುಬುಳು ನೀರಿಗಿಳಿದು ಆಚೆ ಏರಿಹೋಯಿತು. ಆಯಿತು, ಗಾಡಿಯೊಳಗೆ ಸಭೆ ಕೂಡಿತು.

"ಡ್ರೈವರ ಸಾಹೇಬ್ರ, ಟ್ರಾಕ್ಟರ ಹೋತಲ್ರಿ, ನಿಮಗೇನಾಗೇತ್ರಿ?" ಎಂದು ಪ್ಯಾಂಟು ತೊಟ್ಟ ತರುಣನೊಬ್ಬ ಕೇಳಿದ.

ಕಂಡಕ್ಟರ ಟಿಕೆಟಿನ ಚೀಲ ಸರಿಮಾಡಿಕೊಳ್ಳುತ್ತ, "ಟ್ರಾಕ್ಟರಿನ್ಯಾಗ ಒಬ್ಬಾಂವ ಇದ್ದ. ಇಲ್ಲಿ ನಲವತ್ತೇಳು ಮಂದಿ ಅದಾರ. ಟಿಕೀಟ ಹರದಾಂವ ನಾನ, ಲೆಕ್ಕ ನನಗ ಗೊತ್ತೈತಿ" ಎಂದ.

ಟ್ರಾಕ್ಟರಿಗೆ ಹೊಟ್ಟೆಯಿಲ್ಲ. ದೊಡ್ಡ ಗಾಲಿ, ನಡುವೆ ತೆರವು. ನೀರು ಅದರೊಳಗಿಂದ ಹಾಯ್ದುಹೋಗುತ್ತದೆ. ಅದನ್ನು ಎತ್ತಲು ನೀರಿಗೆ ಹಿಡಿತ ಸಿಕ್ಕುವದಿಲ್ಲ. ಬಸ್ಸು ಹಾಗಲ್ಲವೆಂಬದನ್ನು ಆಗಲೇ ಹೇಳಿದ್ದೇವೆ. ಆದರೆ ಇದನ್ನೆಲ್ಲ ಸಂಜೆಯ ಹೊತ್ತಿನಲ್ಲಿ, ಮನೆ ಎದುರಿಗೆ ಕಾಣುತ್ತಿರುವ ಜನಕ್ಕೆ ತಿಳಿಸಿ ಹೇಳುವದು ಹೇಗೆ? ಶಾಲೆಯ ಮಾಸ್ತರರೊಬ್ಬರು ನಿಯಮ ಕೇಳಿದರು. ಒಬ್ಬರು ಕಂಪ್ಲೇಂಟ ಪುಸ್ತಕ ಕೇಳಿದರು, ಕೊಟ್ಟೆವು. ಮುಂದಿನ ಸೀಟಿನಲ್ಲಿ ಉಂಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮುದುಕಿ ಮಾತ್ರ ಜಗಳವಾಡಲಿಲ್ಲ. "ತಮ್ಮಾ, ನನ್ನ ತವರಮನಿ ಅಕಾ ಅಲ್ಲೇ ಕಾಣಾಕತ್ತೈತಿ ನೋಡು. ಅಣ್ಣ ದೀಪಾ ಹಿಡಕೊಂಡು ದಂಡಿಗೆ ಬಂದಾನೇನೋ" ಎಂದಳು. ಬೈದವರಿಗೆ ಉತ್ತರ ಕೊಡುವದು ಸುಲಭ. ಆ ಮುದುಕಿಗೆ ಏನು ಹೇಳುವದು? ಸತ್ಯವನ್ನು ಹೇಳುವದಾದರೆ, ಗಾಡಿ ಮುಂದೆ ಬಿಡಬೇಕೆಂಬ ಮನಸ್ಸು ನಮಗೆ ಆಗುವದು ಬೈಗಳಿಂದಲ್ಲ, ಇಂಥ ಮಾತಿನಿಂದ.

ಗಾಡಿ ಹಿಂದಕ್ಕೆ ತಿರುಗಿತು. ಈಚೆಯ ಊರಿನ ಗುಡಿಯಲ್ಲಿ ಎಲ್ಲರೂ ಮಲಗಿದರು. ಊರಿನವರು ರೊಟ್ಟಿ ಪಲ್ಯ ತಂದರು, ಮುದುಕಿ ಬುಟ್ಟಿಯ ಬಾಯಿ ಬಿಚ್ಚಿ ಮಕ್ಕಳಿಗೆ ಶೇಂಗಾ ಉಂಡಿ ಹಂಚಿದಳು. ಬೆಳಗಾಗುವಷ್ಟರಲ್ಲಿ ಬದಿಯ ಕಲ್ಲುಗಳಿದ್ದ ಜಾಗವೇ ಗೊತ್ತಾಗದಂತೆ ನೀರು ಏರಿತ್ತು. ಅಂದರೆ ಸಂಜೆ ದಾಟಿದ್ದರೆ ಗಾಡಿ ಹೋಗುತ್ತಿತ್ತೇ, ಇಲ್ಲವೇ? ಹೋಗುತ್ತಿತ್ತೆಂದೇ ಇಟ್ಟುಕೊಳ್ಳಿರಿ. ಅದರಿಂದ ನಮ್ಮ ಮಾತೇನೂ ಬದಲಾಗುವದಿಲ್ಲ. ಹೋಗುತ್ತದೆಂದು ತಿಳಿಯುವದಕ್ಕೆ ಹೋಗಿಯೇ ನೋಡಬೇಕಾದ ಜಾಗಕ್ಕೆ ನಲವತ್ತೇಳು ಜನರನ್ನು ಒಯ್ಯುವ ಅಧಿಕಾರವನ್ನು ನಮಗೆ ಯಾವ ಲೈಸೆನ್ಸೂ ಕೊಟ್ಟಿಲ್ಲ.

ಆ ಟ್ರಿಪ್ಪು ತಪ್ಪಿದ್ದಕ್ಕೆ ಡೆಪೋದಲ್ಲಿ ಕಾರಣ ಕೇಳಿದರು, ಬರೆದುಕೊಟ್ಟೆವು. ಓಡದೆ ಉಳಿದ ಕಿಲೋಮೀಟರುಗಳಿಗೆ ಒಂದು ಕಾಲಮ್ಮುಂಟು, ಬಾರದೆ ಹೋದ ಹಣಕ್ಕೆ ಒಂದುಂಟು, ಸುಟ್ಟ ಡೀಸೆಲಿಗೂ ಒಂದುಂಟು. ಆಗದೆ ಹೋದ ಅಪಘಾತಕ್ಕೆ ಕಾಲಮ್ಮು ಇಲ್ಲ, ಇರುವದೂ ಸಾಧ್ಯವಿಲ್ಲ. ಇದರ ಬಗ್ಗೆ ಮೇಲಿನವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ದಂಡೆಯ ಮೇಲೆ ನಿಂತವನಿಗೆ ಈ ಕಾಲಮ್ಮುಗಳೂ ಕಣ್ಣ ಮುಂದೆ ಬರುತ್ತವೆಂಬದನ್ನು ನೀವು ತಿಳಿದಿರಬೇಕು.

ಹಾಗಾದರೆ ನೀರು ಕಂಡಲ್ಲೆಲ್ಲ ಗಾಡಿ ನಿಲ್ಲಿಸಬೇಕೇ? ಹಾಗೆ ಮಾಡಿದರೆ ಮಳೆಗಾಲದಲ್ಲಿ ಹಳ್ಳಿಗೆ ಗಾಡಿಯೇ ಹೋಗಲಾರದು, ಶಾಲೆಯ ಮಕ್ಕಳು, ದವಾಖಾನೆಗೆ ಹೋಗುವವರು, ಸಂತೆಯವರು ಏನು ಮಾಡಬೇಕು? ನಿಂತ ನೀರು, ತಳ ಗೊತ್ತಿದ್ದ ರಸ್ತೆ, ಗಾಲಿಯ ಅರ್ಧದ ಒಳಗೆ ಆಳ. ಇಷ್ಟಿದ್ದರೆ ಹೋಗಬಹುದು, ಹೋಗುತ್ತೇವೆ. ಅದಕ್ಕೆ ಒಂದು ರೀತಿಯುಂಟು. ಮೊದಲನೇ ಗೇರಿನಲ್ಲಿ ಇಳಿಸಬೇಕು, ಅದೇ ಗೇರಿನಲ್ಲಿ ಏರಿಸಬೇಕು. ನಡುವೆ ಗೇರು ಬದಲಿಸಬಾರದು, ಕ್ಲಚ್ಚು ಒತ್ತಬಾರದು, ಎಂಜಿನಿನ ದನಿ ಒಂದೇ ಸಮನಾಗಿರಬೇಕು. ದನಿ ಇಳಿದರೆ ಸೈಲೆನ್ಸರಿನ ಬಾಯಿಂದ ನೀರು ಒಳಗೆ ಬರುತ್ತದೆ. ಜೋರಾಗಿ ಹೋದರೆ ಮುಂದೆ ಅಲೆಯೆದ್ದು ಎಂಜಿನಿಗೆ ತಾನೇ ನೀರು ಕುಡಿಸಿದಂತಾಗುತ್ತದೆ, ಬದಿಯ ಮನೆಗಳ ಹೊಸ್ತಿಲೊಳಗೂ ನೀರು ಹೋಗುತ್ತದೆ. ರಸ್ತೆಯ ನಡುವೆಯೇ ಹೋಗಬೇಕು; ಎದುರು ಗಾಡಿ ಬರುತ್ತಿದ್ದರೆ ಅದು ದಾಟುವವರೆಗೆ ಈಚೆ ನಿಲ್ಲಬೇಕು. ನೀರನ್ನು ನೋಡಬಾರದು, ಆಚೆಯ ದಂಡೆಯ ಒಂದು ಗಿಡವನ್ನು ನೋಡಬೇಕು. ಹೊರಗೆ ಬಂದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು, ಏಕೆಂದರೆ ಒದ್ದೆಯಾದ ಬ್ರೇಕು ಮೊದಲ ಸಲ ಹಿಡಿಯುವದಿಲ್ಲ.

ನಡುನೀರಿನಲ್ಲಿ ಎಂಜಿನು ನಿಂತರೆ? ಮತ್ತೆ ಸ್ಟಾರ್ಟರು ಒತ್ತಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಬರುವದಿಲ್ಲ. ಸಿಲಿಂಡರಿನಲ್ಲಿ ನೀರು ಹೊಕ್ಕಾಗ ಪಿಸ್ಟನ್ನು ಮೇಲೇರಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಲಕ್ಷಗಳ ಎಂಜಿನು ಹೋಗುತ್ತದೆ. ಹಳೆಯ ಡೀಸೆಲ ಗಾಡಿಗಳಿಗೆ ಕಿಡಿ ಬೇಡ, ಕಂಪ್ಯೂಟರಿನ ಹಂಗಿಲ್ಲ; ಅವು ಕೋಣನಂತೆ ನೀರಿನಲ್ಲಿ ನಡೆಯುತ್ತಿದ್ದವು. ಹಿಂದಿನವರ ಸಾಹಸದ ಕಥೆಗಳೆಲ್ಲ ಆ ಗಾಡಿಗಳವು. 2020ರ ಏಪ್ರಿಲದಿಂದ ಬಂದ ಬಿ.ಎಸ್. ಆರರ ಗಾಡಿಗಳ ತುಂಬ ಸೆನ್ಸರು, ವೈರು; ನೀರೆಂದರೆ ಮುನಿಸಿಕೊಳ್ಳುವ ಜಾತಿ. "ನಮ್ಮ ಕಾಲದಲ್ಲಿ ಡ್ರೈವರರು ಹೀಗೆ ಅಂಜುತ್ತಿರಲಿಲ್ಲ" ಎನ್ನುವ ಹಿರಿಯರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಿಂದೆ ಕಂಡಕ್ಟರ ಕೈಯಲ್ಲಿ ಕೋಲು ಹಿಡಿದು ಗಾಡಿಯ ಮುಂದೆ ನೀರಿನಲ್ಲಿ ನಡೆಯುವ ಪದ್ಧತಿಯಿತ್ತು. ನಿಂತ ನೀರಿಗೆ ಅದು ಸರಿ. ಹರಿಯುವ ನೀರಿಗೆ ಅದು ಸಲ್ಲದು. ಮೊಣಕಾಲಷ್ಟು ಹರಿವು ಆಳನ್ನು ಕೆಡವಲು ಸಾಕು. ಕೋಲು ಊರಿ ನೋಡಬೇಕೆನ್ನುವಂತಿದ್ದರೆ ನಿರ್ಧಾರ ಆಗಲೇ ಆಯಿತು, ಗಾಡಿಯನ್ನು ತಿರುಗಿಸಬೇಕು.

2019ರ ಆಗಸ್ಟವನ್ನು ನೀವು ಯಾರೂ ಮರೆತಿರಲಾರಿರಿ. ಕೊಲ್ಲಾಪುರದ ಹತ್ತಿರ ಶಿರೋಳಿಯಲ್ಲಿ, ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ನೀರು ಬಂದು ಪುಣೆ–ಬೆಂಗಳೂರು ಹೆದ್ದಾರಿಯೇ ಹಲವು ದಿನ ಮುಚ್ಚಿತು. ಗೋಕಾಕದ ಲೋಳಸೂರ ಸೇತುವೆ ಘಟಪ್ರಭೆ ಪಾಲಾಯಿತು. ನವಿಲುತೀರ್ಥದಿಂದ ಬಿಟ್ಟ ಮಲಪ್ರಭೆಯ ನೀರು ಕೊಣ್ಣೂರಿನಲ್ಲಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯನ್ನು ತಡೆಯಿತು. ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ಕಿಗೂ ಮಿಕ್ಕಿ ನೀರು ಬಿಡಬೇಕಾಯಿತು. 2021ರ ಜುಲೈಯಲ್ಲಿ ಹೆದ್ದಾರಿಗೆ ಮತ್ತೆ ಅದೇ ಗತಿ. ಹಳ್ಳಿಯ ಬಾಂದಾರದ ಪಾಡು ಆಗ ಪಟ್ಟಣದವರಿಗೂ ತಿಳಿಯಿತು: ನಾಲ್ಕು ಸಾಲಿನ ರಸ್ತೆಯ ಮೇಲೆ ಲಾರಿ, ಕಾರು, ಕೆಂಪು ಗಾಡಿ ಎಲ್ಲ ಒಂದೇ ಸಾಲಿನಲ್ಲಿ ನಿಂತವು. ಆ ಸಾಲಿನಲ್ಲಿ ಯಾರೂ ಯಾವ ಡ್ರೈವರನಿಗೂ ಮೈಗಳ್ಳನೆನ್ನಲಿಲ್ಲ, ಪೊಲೀಸರು ಅಡ್ಡಗಟ್ಟಿದ್ದರು, ಅದೇ ಕಾರಣ. ಹಳ್ಳಿಯ ರಸ್ತೆಯಲ್ಲಿ ಅಡ್ಡಗಟ್ಟಲು ಹೆಚ್ಚೆಂದರೆ ಎರಡು ಮುಳ್ಳುಕಂಟಿ ಇರುತ್ತವೆ. ಅವನ್ನೂ ಯಾರೋ ಬೈಕಿನವರು ಬದಿಗೆ ಸರಿಸಿ ಹೋಗಿರುತ್ತಾರೆ.

ಶ್ರಾವಣದಲ್ಲಿ ಊರಿಗೆ ಹೊರಡುವವರಿಗೆ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಕೊಯ್ನಾದ ಸುದ್ದಿಯನ್ನು ಪುಣೆಯ ಸುದ್ದಿಯೆಂದು ಓದದೆ ಊರಿನ ಸುದ್ದಿಯೆಂದು ಓದಿರಿ. ಹೊರಡುವ ಮುಂಚೆ ಊರಿಗೆ ಫೋನು ಮಾಡಿ "ಮಳೆ ಇದೆಯೇ" ಎಂದು ಕೇಳಬೇಡಿರಿ, "ಬಾಂದಾರದ ಮೇಲೆ ಗಾಡಿ ಹೋಗುತ್ತಿವೆಯೇ" ಎಂದು ಕೇಳಿರಿ. ಒಂದು ದಿನದ ರಜೆ ಹೆಚ್ಚಿಟ್ಟುಕೊಳ್ಳಿರಿ, ಔಷಧಿ ಇದ್ದವರು ಎರಡು ದಿನದ್ದು ಹೆಚ್ಚು ಕಟ್ಟಿಕೊಳ್ಳಿರಿ. ದಂಡೆಯಲ್ಲಿ ಗಾಡಿ ನಿಂತರೆ ಡ್ರೈವರನ ಬೆನ್ನ ಹಿಂದೆ ಹೋಗಿ ನಿಲ್ಲಬೇಡಿರಿ. ಅವನು ಕಲ್ಲು ನೋಡುತ್ತಿರುತ್ತಾನೆ, ನೀರಿನ ಬಣ್ಣ ನೋಡುತ್ತಿರುತ್ತಾನೆ. ಆಗ ಅವನಿಗೆ ಮಾತು ಬೇಡ. ಗಾಡಿಯಲ್ಲಿ ಹೇಳಬಲ್ಲ ಹಿರಿಯರು ಒಬ್ಬರು, "ತಡವಾದರೂ ಆಗಲಿ, ತಿರುಗಿಸಿರಿ" ಎಂದು ಗಟ್ಟಿಯಾಗಿ ಅಂದರೆ ಉಳಿದವರೂ ಸುಮ್ಮನಾಗುತ್ತಾರೆ. ನಾವು ಇದನ್ನು ಎಷ್ಟೋ ಸಲ ಕಂಡಿದ್ದೇವೆ. ಮೊದಲು ಆ ಮಾತು ಯಾರ ಬಾಯಿಂದ ಬರುವದೋ ಎಂದು ನಾವೂ ಕಾಯುತ್ತಿರುತ್ತೇವೆ.

ಕಡೆಗೆ ನೀರು ಇಳಿಯುತ್ತದೆ. ಇಳಿದೊಡನೆ ಗಾಡಿ ಬಿಡುವದಿಲ್ಲ. ರಸ್ತೆಯ ಇಲಾಖೆಯವರು ಬಂದು ಕಂಬ, ಅಂಚು, ತಳ ನೋಡಬೇಕು. ಬಾಂದಾರದ ಮೇಲೆ ಸಿಕ್ಕಿಕೊಂಡ ಕಬ್ಬು, ಜಾಲಿಗಿಡ, ಎಲ್ಲಿಯದೋ ಚಪ್ಪರದ ತಗಡು ತೆಗೆಯಬೇಕು. ಮೊಣಕಾಲುದ್ದ ರಾಡಿ ತೊಳೆಯಬೇಕು. ಅವರು ಹೂಂ ಎಂದ ಮೇಲೆ ಮೊದಲ ಗಾಡಿಯನ್ನು ಖಾಲಿ ಒಯ್ಯುತ್ತೇವೆ. ಪ್ರಯಾಣಿಕರು ಇಳಿದು ಹಿಂದೆ ನಡೆದು ಬರುತ್ತಾರೆ, ಕಂಡಕ್ಟರ ಅವರ ಜೊತೆಗೆ ನಡೆಯುತ್ತಾನೆ, ಗಾಡಿಯಲ್ಲಿ ಡ್ರೈವರನೊಬ್ಬನೇ. ಬಾಂದಾರದ ನಡುವೆ ಬಂದಾಗ ಅವನು ಒಂದು ಕ್ಷಣ ನಿಲ್ಲಿಸಿ ಕಿಡಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ಗಾಲಿಯನ್ನು ನೋಡುತ್ತಾನೆ, ಮತ್ತೆ ನಡೆಸುತ್ತಾನೆ. ಆಚೆಯ ದಂಡೆಯಲ್ಲಿ ಎಲ್ಲರೂ ಹತ್ತಿದ ಮೇಲೆ ಕಂಡಕ್ಟರ ತಲೆ ಎಣಿಸಿ ಸೀಟಿ ಊದುತ್ತಾನೆ.